ಬೇವಿನ ಮರದ ಕೆಳಗಿನ ಸಭೆ

ಕಳೆದ ಕ್ರಿಸ್‌ಮಸ್‌ಗೆ ನಾಲ್ಕು ವರ್ಷದ ಮೇಲೆ ಬಳ್ಳಾರಿಗೆ ಹೋಗಿದ್ದೆವು. ನಾನು, ಹೆಂಡತಿ, ಒಂಬತ್ತು ವರ್ಷದ ಮಗ. ಮಗನಿಗೆ ಆಟಿಸಂ ಇದೆ. ಮಾತು ಕಡಿಮೆ. ಖುಷಿಯಾದರೆ ಊಂ ಅಂತ ಒಂದೇ ಸ್ವರ ಹಿಡಿದು ಬಿಡುತ್ತಾನೆ.

ಹಬ್ಬದ ಬೆಳಿಗ್ಗೆ ನಮ್ಮ ಸಭೆಗೆ, ಅಂದರೆ ಚರ್ಚಿಗೆ ಹೋದೆವು. ನಾನು ಸಂಡೇ ಸ್ಕೂಲ್ ಕಲಿತದ್ದು ಅಲ್ಲೇ. ಕೀರ್ತನೆ ಶುರುವಾದಾಗ ತಬಲ, ಕೀಬೋರ್ಡು, ಚಪ್ಪಾಳೆ. ಇವನ ಊಂಕಾರ ಯಾರಿಗೂ ಕೇಳಿಸಲಿಲ್ಲ. ಪಾಸ್ಟರರ ಪ್ರಸಂಗ, ಅಂದರೆ ಉಪದೇಶ ಶುರುವಾಯಿತು, ಎಲ್ಲರೂ ಸುಮ್ಮನಾದರು. ಇವನು ಸುಮ್ಮನಾಗಲಿಲ್ಲ. ಐದು ನಿಮಿಷಕ್ಕೆ ಸಭೆಯ ಹಿರಿಯರೊಬ್ಬರು ಹತ್ತಿರ ಬಂದು ಭುಜ ಮುಟ್ಟಿದರು. "ತಮ್ಮಾ, ಹುಡುಗನ್ನ ಸ್ವಲ್ಪ ಹೊರಗ ಕರಕೊಂಡು ಹೋಗಪ್ಪಾ. ಮಂದಿಗೆ ತ್ರಾಸ ಆಗ್ತೈತಿ." ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ಹೊರಗೆ ಚಪ್ಪಲಿ ರಾಶಿ ದಾಟಿ ಬೇವಿನ ಮರದ ಕೆಳಗೆ ಹೋದೆ. ಅಲ್ಲಿ ಆಗಲೇ ಇಬ್ಬರಿದ್ದರು. ನಮ್ಮಮ್ಮನ ವಯಸ್ಸಿನ ಒಬ್ಬರು, ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ಅವರ ಮಗಳು. ಹಬ್ಬದ ಹೊಸ ಸೀರೆ, ಮುಡಿಯಲ್ಲಿ ಕನಕಾಂಬರ. ಕಂಬಕ್ಕೆ ಕಟ್ಟಿದ ಸ್ಪೀಕರಿನಿಂದ ಪ್ರಸಂಗ ಕೇಳುತ್ತಿದ್ದರು.

"ಯಾವಾಗಿಂದ ಇಲ್ಲಿ ಕೂಡ್ತೀರಮ್ಮಾ?" ಅಂದೆ.

"ಇಕಿ ದೊಡ್ಡಾಕಿ ಆದಾಗಿಂದ. ಸಣ್ಣಾಕಿ ಇದ್ದಾಗ ನಾನಽ ಎತ್ತಿಕೊಂಡು ಮೆಟ್ಟಲ ಹತ್ತತಿದ್ದೆ. ಈಗ ಹುಡುಗ್ರು ಬರ್ತಾರ, ಎತ್ತತೀವಿ ಅಂತಾರ. ಇಕಿ ಬ್ಯಾಡ ಅಂತಾಳ. ಮೂವತ್ತು ವರ್ಷದಾಕಿ. ಗಂಡು ಹುಡುಗ್ರು ಕೈ ಹಾಕಿ ಎತ್ತಿದ್ರ ನಾಚಿಕಿ ಆಗಂಗಿಲ್ಲೇನು?"

ಯೇಸುವಿನ ಕೊನೆಯ ಊಟದ ನೆನಪಿಗೆ ಮಾಡುವ ಪ್ರಭು ಭೋಜನದ ದಿನ ಪಾಸ್ಟರ್ ಅಲ್ಲಿಗೇ ರೊಟ್ಟಿ, ದ್ರಾಕ್ಷಾರಸ ತಂದುಕೊಡುತ್ತಾರಂತೆ. ಮಗಳು ನನ್ನ ಮಗನನ್ನೇ ನೋಡುತ್ತಿದ್ದಳು. ಅವನು ಅವಳ ಕುರ್ಚಿಯ ಗಾಲಿ ಮುಟ್ಟಿ ಮೆಲ್ಲಗೆ ತಿರುಗಿಸಿದ. ಅವಳು ಬ್ರೇಕ್ ಸಡಿಲಿಸಿ ಕೊಟ್ಟಳು. ಒಳಗಿನ ಪ್ರಸಂಗ ಮುಗಿಯುವವರೆಗೆ ನಾವು ನಾಲ್ವರೂ ಹಾಗೇ ಇದ್ದೆವು.

ನಾನು ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವುದು. ನಾವು ಹೋಗುವುದು ಮನೆ ಹತ್ತಿರದ ಹಳೇ ಚರ್ಚಿಗೆ. ಮೊದಲ ಭಾನುವಾರ ಬಾಗಿಲಲ್ಲಿ ನಿಂತಿದ್ದ ವಯಸ್ಸಾದ ಹೆಂಗಸು ಮಗನನ್ನು ನೋಡಿ ನನಗೆ ಎರಡು ಪ್ರಶ್ನೆ ಕೇಳಿದರು. ಇವನಿಗೆ ಯಾವ ಸದ್ದು ಆಗುವುದಿಲ್ಲ? ಎಲ್ಲಿ ಕೂತರೆ ಇವನಿಗೆ ಆರಾಮ? ನನಗೆ ಗಂಟಲು ಕಟ್ಟಿತು. ಅಷ್ಟು ವರ್ಷದಲ್ಲಿ ಯಾವ ಚರ್ಚಿನಲ್ಲೂ ಯಾರೂ ಅದನ್ನು ಕೇಳಿರಲಿಲ್ಲ.

ಮುಂದಿನ ವಾರ ಅವನಿಗೆ ಚಿತ್ರದ ಕಾರ್ಡುಗಳು ಬಂದವು. ಒಂದರಲ್ಲಿ ಹಾಡು, ಒಂದರಲ್ಲಿ ಪ್ರಾರ್ಥನೆ, ಒಂದರಲ್ಲಿ ಪ್ರಸಂಗ, ಕೊನೆಯದರಲ್ಲಿ ಚಹಾ ಬಿಸ್ಕೆಟ್. ಒಂದೊಂದು ಮುಗಿದ ಹಾಗೆ ಕಾರ್ಡು ತೆಗೆದು ಚೀಲಕ್ಕೆ ಹಾಕುವುದು. ಮುಂದೇನು ಅಂತ ಗೊತ್ತಿದ್ದರೆ ಅವನಿಗೆ ಅರ್ಧ ಹೆದರಿಕೆ ಹೋಗುತ್ತದೆ. ಸದ್ದು ಜಾಸ್ತಿಯಾದರೆ ಕಿವಿ ಮುಚ್ಚುವ ಹೆಡ್‌ಫೋನ್ ಇದೆ, ಹಿಂದೆ ಗಾಜಿನ ಕೋಣೆ ಇದೆ. ಸಂಡೇ ಸ್ಕೂಲಿನಲ್ಲಿ ಅವನ ಜೊತೆಗೇ ಕೂರಲು ಒಬ್ಬ ಕಾಲೇಜು ಹುಡುಗನನ್ನು ಗೊತ್ತುಮಾಡಿದರು. ಹಾಗಾಗಿ ನಾನು, ಹೆಂಡತಿ ಒಟ್ಟಿಗೆ ಕೂತು ಪ್ರಸಂಗ ಕೇಳಿದೆವು. ಅವನು ಹುಟ್ಟಿದ ಮೇಲೆ ಅದೇ ಮೊದಲು.

ಮೂರು ತಿಂಗಳಾದ ಮೇಲೆ ಅವನಿಗೆ ಕೆಲಸವನ್ನೂ ಕೊಟ್ಟರು. ಆರಾಧನೆ ಮುಗಿದ ಮೇಲೆ ಹಾಡಿನ ಪುಸ್ತಕ ಒಟ್ಟು ಮಾಡುವುದು. ಅವನು ಎಣಿಸಿ ಇಡುತ್ತಾನೆ. ಒಂದು ಕಡಿಮೆಯಾದರೂ ಬೆಂಚಿನ ಕೆಳಗೆಲ್ಲ ಹುಡುಕುತ್ತಾನೆ. ಒಂದು ವಾರ ಜ್ವರ ಬಂದು ಹೋಗಲಿಲ್ಲ. ಪುಸ್ತಕ ಎಣಿಸೋರಿಲ್ಲ, ಅವನು ಯಾವಾಗ ಬರುತ್ತಾನೆ ಅಂತ ಫೋನ್ ಬಂತು. ಒಂದು ಸಭೆಗೆ ನನ್ನ ಮಗ ಬೇಕಾಗಿದ್ದ.

ಇಲ್ಲಿಯ ಜನ ಇದನ್ನೆಲ್ಲ ಬರೀ ಒಳ್ಳೆ ಮನಸ್ಸಿನಿಂದ ಮಾಡಿದರು ಅಂತಲ್ಲ. ಬ್ರಿಟನ್ನಿನ 2010ರ ಸಮಾನತೆ ಕಾಯ್ದೆ ಚರ್ಚಿಗೂ ಅನ್ವಯ ಆಗುತ್ತದೆ. ಆದರೆ ಕಾನೂನು ನಮ್ಮಲ್ಲೂ ಇದೆ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯ ಹೇಳುತ್ತದೆ, ಆಟಿಸಂ ಅದರಲ್ಲಿದೆ. ಜನ ಸೇರುವ ಕಟ್ಟಡ ಅಂದರೆ ಯಾವುದು ಅಂತ ಹೇಳುವಾಗ ಧಾರ್ಮಿಕ ಕೆಲಸಕ್ಕೆ ಬಳಸುವ ಕಟ್ಟಡವನ್ನೂ ಸೇರಿಸಿದೆ. ನಮ್ಮ ಸಭೆಯಲ್ಲಿ ಹೊಸ ಸೌಂಡ್ ಸಿಸ್ಟಮ್ ಬಂದಿದೆ, ಗೋಡೆಗೆ ದೊಡ್ಡ ಟಿವಿ ಬಂದಿದೆ. ಏಳು ಮೆಟ್ಟಿಲು ಮಾತ್ರ ಹಾಗೇ ಇವೆ.

ಊರಲ್ಲಿ ನಮಗೆ ಸಿಕ್ಕಿದ್ದು ಪ್ರಾರ್ಥನೆ. ಇಷ್ಟಿಷ್ಟಲ್ಲ. ಮನೆಗೆ ಬಂದವರೆಲ್ಲ ಮಗನ ತಲೆ ಮೇಲೆ ಕೈಯಿಟ್ಟು ಮಾತು ಬರಲಿ, ಬಿಡುಗಡೆಯಾಗಲಿ ಅಂತ ಪ್ರಾರ್ಥಿಸಿದರು. ಉಪವಾಸ ಹಿಡಿಯಿರಿ ಅಂದರು. ನಿಮ್ಮ ಮನೆತನದಲ್ಲಿ ಏನಾದರೂ ಅಡ್ಡಿ ಇರಬೇಕು ಅಂತ ಒಬ್ಬರು ನನ್ನ ಹೆಂಡತಿಗೆ ಹೇಳಿದರು. ಅವಳು ಅವತ್ತು ರಾತ್ರಿ ಊಟ ಮಾಡಲಿಲ್ಲ. ಹುಟ್ಟುಕುರುಡನನ್ನು ನೋಡಿ ಶಿಷ್ಯರು ಇದನ್ನೇ ಕೇಳಿದ್ದರಲ್ಲ, ಪಾಪ ಮಾಡಿದವನು ಇವನೋ ಇವನ ತಂದೆತಾಯಿಯೋ ಅಂತ. ಯೇಸು ಇಬ್ಬರೂ ಅಲ್ಲ ಅಂದ. ಬೈಬಲಿನ ಯೋಹಾನನ ಸುವಾರ್ತೆ, ಒಂಬತ್ತನೇ ಅಧ್ಯಾಯ. ಎಲ್ಲರೂ ಓದಿದವರೇ.

ನನಗೆ ಜಾಸ್ತಿ ಕಾಡುವುದು ಬಾರ್ತಿಮಾಯ. ಯೆರಿಕೋವಿನ ದಾರಿ ಬದಿಯಲ್ಲಿ ಕೂತ ಕುರುಡ. ಕೂಗಿಕೊಂಡಾಗ ಜನ ಸುಮ್ಮನಿರು ಅಂತ ಗದರಿಸಿದರು. ಯೇಸು ನಿಂತು ಅವನನ್ನು ಕರೆಸಿ, ನಿನಗೆ ನಾನು ಏನು ಮಾಡಬೇಕು ಅಂತ ಕೇಳಿದ. ಕುರುಡನಿಗೆ ಏನು ಬೇಕು ಅಂತ ದೇವಕುಮಾರನಿಗೆ ಗೊತ್ತಿರಲಿಲ್ಲವಾ? ಆದರೂ ಕೇಳಿದ. ನಮ್ಮವರು ಕೇಳುವುದಿಲ್ಲ. ಆ ಮಗಳಿಗೆ ಎಲ್ಲಿ ಕೂರಲು ಇಷ್ಟ ಅಂತ ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ. ಎತ್ತಲು ನಾಲ್ಕು ಜನ ಯಾವಾಗಲೂ ಸಿಗುತ್ತಾರೆ.

ಎದುರಿನವರಿಗೆ ಏನು ಬೇಕೋ ಅದಕ್ಕೆ ತಾವೇ ಹೊಂದಿಕೊಳ್ಳುವುದು ನಮ್ಮೂರಿಗೆ ಹೊಸದೇನಲ್ಲ. ಲಂಡನ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತರು, ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೂತರು. ಇಂಗ್ಲಿಷ್ ಕಲಿತು ಬನ್ನಿ ಅಂತ ನಮ್ಮ ಮುತ್ತಜ್ಜಂದಿರಿಗೆ ಹೇಳಲಿಲ್ಲ. ನನ್ನ ಮಗನ ಚೀಲದ ಚಿತ್ರದ ಕಾರ್ಡೂ ಅಂಥದೇ ಒಂದು ಅನುವಾದ ಅಲ್ವಾ?

ಈಗ ಹೇಳಲು ಮನಸ್ಸಿಲ್ಲದಿದ್ದರೂ ಹೇಳಬೇಕಾದ್ದು ಒಂದಿದೆ. ಲೀಡ್ಸ್‌ನಲ್ಲಿ ಹೆಂಡತಿಗೆ ಆಪರೇಷನ್ ಆದಾಗ ಚರ್ಚಿನಿಂದ ಒಂದು ಚೆಂದದ ಕಾರ್ಡು ಅಂಚೆಯಲ್ಲಿ ಬಂತು. ಯಾರೂ ಬಾಗಿಲು ಬಡಿಯಲಿಲ್ಲ. ಹತ್ತು ದಿನ ಮಗನನ್ನು ನಾನೊಬ್ಬನೇ ನೋಡಿಕೊಂಡೆ. ಬಳ್ಳಾರಿಯಲ್ಲಾಗಿದ್ದರೆ ಅಡುಗೆಮನೆಯಲ್ಲಿ ನನಗೇ ಜಾಗ ಇರುತ್ತಿರಲಿಲ್ಲ.

ಕ್ರಿಸ್‌ಮಸ್ ಸಂಜೆ ನನ್ನನ್ನು ಹೊರಗೆ ಕಳಿಸಿದ ಅದೇ ಹಿರಿಯರು ಕರ್ಚಿಕಾಯಿ ಡಬ್ಬಿ ಹಿಡಿದು ಮನೆಗೆ ಬಂದರು. ಬೆಳಗಿನ ಮಾತು ಎತ್ತಲಿಲ್ಲ. ಮಗ ನೆಲದ ಮೇಲೆ ಸ್ಟೀಲ್ ಮುಚ್ಚಳ ತಿರುಗಿಸುತ್ತಿದ್ದ. ಅವರು ಮಂಡಿ ನೋವಿದ್ದರೂ ಕೆಳಗೆ ಕೂತರು. ಮುಚ್ಚಳ ಬಿದ್ದಾಗೆಲ್ಲ ಎತ್ತಿ ಮತ್ತೆ ತಿರುಗಿಸಿ ಕೊಟ್ಟರು. ಅರ್ಧ ಗಂಟೆ. ನಾನು ಅವರ ಮೇಲೆ ಸಿಟ್ಟು ಹಿಡಿದು ಕೂರಲು ನೋಡಿದೆ, ಆಗಲಿಲ್ಲ. ಮಗನ ಚೀಲದಿಂದ ಕಾರ್ಡು ತೆಗೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ಒಂದೊಂದನ್ನೇ ನೋಡಿದರು. "ಇದನ್ನ ಮೊದಲಽ ಹೇಳಬೇಕಿಲ್ಲೇನಪಾ" ಅಂದರು. ಹೌದು, ನಾನೂ ಹೇಳಿರಲಿಲ್ಲ.

ಲೀಡ್ಸ್‌ಗೆ ಬಂದ ಮೇಲೆ ಊರಲ್ಲಿರುವ ತಮ್ಮನಿಗೆ ಸಭೆಯ ಮೆಟ್ಟಿಲು ಅಳೆಯಲು ಹೇಳಿದೆ. ಏಳು ಮೆಟ್ಟಿಲು, ಒಂದೊಂದೂ ಆರು ಇಂಚು. ಒಟ್ಟು ಮೂರೂವರೆ ಅಡಿ. ಗಾಲಿಕುರ್ಚಿ ಹತ್ತಲು ಇಳಿಜಾರು ಮಾಡಿದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು, ಇಲ್ಲದಿದ್ದರೆ ಕುರ್ಚಿ ಹಿಂದಕ್ಕೆ ಜಾರಬಹುದು. ಅಲ್ಲಿಗೆ 42 ಅಡಿ ಇಳಿಜಾರು, ನಡುವೆ ನಿಲ್ಲಲು ಸ್ವಲ್ಪ ಸಮತಟ್ಟು ಜಾಗ. ಎರಡು ಹಲಗೆ ಇಟ್ಟರೆ ಆಗುವ ಕೆಲಸ ಅಲ್ಲ. ಮೊದಲು ಆ ತಾಯಿ ಮಗಳನ್ನು ಕೇಳು, ಎಲ್ಲಿಂದ ಹತ್ತಿಸಿದರೆ ಅನುಕೂಲ ಅಂತ ಬರೆದೆ. ನಿನ್ನೆ ಉತ್ತರ ಬಂತು.

"ಕೇಳಿದೆ ಅಣ್ಣಾ. ಕಾಂಪೌಂಡ್ ಗೋಡಿ ಕಡಿಂದ ಆಗ್ಲಿ ಅಂದ್ಲು. ಬೇವಿನ ಗಿಡ ಮಾತ್ರ ಕಡೀಬ್ಯಾಡ್ರಿ ಅಂದ್ಲು."