ಸರ್, ಸೌಂಡ್ ಮಾಡಿ ತೋರಿಸಿ

ಹೈಸ್ಕೂಲಿನಲ್ಲಿ ನಮ್ಮ ಕನ್ನಡ ಮೇಷ್ಟ್ರು ಅನುಕರಣಾವ್ಯಯ ಅಂತ ಒಂದು ಪಾಠ ಮಾಡಿದ್ದರು. ಚಟಚಟ, ಪಟಪಟ, ಧಗಧಗ, ಗುಳುಗುಳು. 'ಇದರಿಂದ ಮುಂದೆ ಏನು ಸಾರ್ ಉಪಯೋಗ?' ಅಂತ ಕೇಳಿ ಬೆಂಚಿನ ಮೇಲೆ ನಿಂತವನು ನಾನು. ಉತ್ತರ ಸಿಗಲು ನಾನೊಂದು ಕಾರು ಕೊಂಡು, ಅದಕ್ಕೆ ವಯಸ್ಸಾಗುವ ತನಕ ಕಾಯಬೇಕಾಯಿತು.

ಈಗ ತಿಂಗಳಿಗೆ ಎರಡು ಸಲವಾದರೂ ಬೆಳಿಗ್ಗೆ ಹನುಮಂತನಗರದ ನಮ್ಮ ರಸ್ತೆಯಲ್ಲಿ ನಿಂತು, ಫೋನಿನಲ್ಲಿ 'ಕಿರ್ರ್... ಕಿರ್ರ್... ಆಮೇಲೆ ಲೊಟಲೊಟ' ಅನ್ನುತ್ತಿರುತ್ತೇನೆ. ಆ ಕಡೆ ನಮ್ಮ ಮೆಕ್ಯಾನಿಕ್ ವೈದ್ಯರ ಹಾಗೆ ವಿಚಾರಿಸುತ್ತಾನೆ. 'ಕಿರ್ರ್ ಅನ್ನೋದು ಬ್ರೇಕ್ ಹಾಕಿದಾಗಲಾ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಲಾ?' ಬ್ರೇಕ್ ಹಾಕಿದಾಗ ಅಂದರೆ ಪ್ಯಾಡ್ ಸವೆದಿದೆ. ಸ್ಟಾರ್ಟ್ ಮಾಡಿದಾಗ ಅಂದರೆ ಬೆಲ್ಟ್ ಜಾರುತ್ತಿದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ 'ಕಟ್ ಕಟ್ ಕಟ್' ಅಂದರೆ ಆಕ್ಸೆಲ್ ಜಾಯಿಂಟ್ ಹೋಗಿದೆ. ವೇಗ ಹೆಚ್ಚಿದ ಹಾಗೆ 'ಗುಂಯ್' ಜಾಸ್ತಿಯಾದರೆ ವೀಲ್ ಬೇರಿಂಗ್. ಇಷ್ಟು ವ್ಯಾಕರಣ ನನಗೂ ಬಾಯಿಪಾಠವಾಗಿದೆ. ಆದರೂ ಆತ ಪ್ರತಿ ಸಲ ಕೇಳುವುದು ಒಂದೇ. 'ಸರ್, ಸೌಂಡ್ ಮಾಡಿ ತೋರಿಸಿ.'

ವಾಕಿಂಗ್ ಹೊರಟ ಹಿರಿಯರು ಮೊದಮೊದಲು ನಿಂತು ನೋಡುತ್ತಿದ್ದರು. ಈಗ ರಸ್ತೆಯ ಆಚೆ ಬದಿಗೆ ಸರಿದು ಹೋಗುತ್ತಾರೆ.

ಒಂದು ಸಲ ನಾಚಿಕೆಯಾಗಿ, ಬಾಯಿಂದ ಮಾಡಿ ತೋರಿಸುವ ಬದಲು ಬಾನೆಟ್ ಎತ್ತಿ ಫೋನನ್ನೇ ಎಂಜಿನ್ ಹತ್ತಿರ ಹಿಡಿದೆ. 'ಕೇಳಿಸ್ತಾ? ಗರ್ರ್ ಅಂತ?' ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಸರ್, ಅದು ಯಾರದೋ ಮನೆ ಮಿಕ್ಸಿ. ಚಟ್ನಿ ರುಬ್ತಾ ಇದ್ದಾರೆ' ಅಂದ. ಹೌದು. ನಮ್ಮ ಮನೆಯದೇ.

ಕಾರು 2007ರದ್ದು. ಕೆಎ 05, ಅಂದರೆ ಜಯನಗರದಲ್ಲಿ ನಾಮಕರಣವಾದದ್ದು. ಯಾವ ಕಂಪನಿ ಅಂತ ಹೇಳುವುದಿಲ್ಲ. ಇಷ್ಟು ವರ್ಷ ದುಡಿಸಿಕೊಂಡು ಈಗ ಹುಟ್ಟಿಸಿದವರನ್ನು ಬೈಯುವುದು ಸರಿಯಲ್ಲ. ಬಣ್ಣ ಬೆಳ್ಳಿ. ಹೆಚ್ಚುಕಡಿಮೆ ಬೆಳ್ಳಿ. ಮೇಲಿರುವ ಹೊಂಗೆ ಮರ ವಸಂತ ಬಂತೆಂದರೆ ಹೂ ಸುರಿಸುತ್ತದೆ. ಉಳಿದ ಕಾಲದಲ್ಲಿ ಆ ಕೆಲಸವನ್ನು ಕಾಗೆಗಳು ನೋಡಿಕೊಳ್ಳುತ್ತವೆ. ಪಕ್ಕದ ಮನೆಯವರು ಹೋದ ವರ್ಷ ಎಲೆಕ್ಟ್ರಿಕ್ ಕಾರು ತಂದರು. ಅದೂ ಅದೇ ಮರದ ಕೆಳಗೆ ನಿಲ್ಲುತ್ತದೆ, ಆದರೆ ಅದಕ್ಕೆ ರೇಷ್ಮೆಯಂಥ ಹೊದಿಕೆ ಇದೆ. ಅದು ಹೊರಟರೆ ಸದ್ದೇ ಇಲ್ಲ. ಬೆಕ್ಕಿನ ಹಾಗೆ ಹಿಂದಿನಿಂದ ಬಂದು ನಿಂತಿರುತ್ತದೆ. ಪಾಪ, ಅವರಿಗೆ ಮೆಕ್ಯಾನಿಕ್ ಜೊತೆ ಮಾತಾಡಲು ವಿಷಯವೇ ಇಲ್ಲ.

ಲೊಟಲೊಟದ ಕತೆ ಹೇಳಲೇಬೇಕು. ಹಂಪ್ ಹತ್ತಿ ಇಳಿದಾಗಲೆಲ್ಲ ಹಿಂದಿನಿಂದ 'ಲೊಟಲೊಟ' ಅನ್ನುತ್ತಿತ್ತು. ನಮ್ಮ ಊರಿನಲ್ಲಿ ಹಂಪ್ ಇಲ್ಲದ ಕಡೆ ಗುಂಡಿ ಇರುವುದರಿಂದ ಲೊಟಲೊಟ ನಿಂತದ್ದೇ ಇಲ್ಲ. ಆದರೆ ಗ್ಯಾರೇಜಿಗೆ ಹೋದ ಕೂಡಲೇ ಮೌನ. ಡಾಕ್ಟರ್ ಮುಂದೆ ಕೂತಾಗ ಕೆಮ್ಮು ನಿಲ್ಲುತ್ತದಲ್ಲ, ಹಾಗೆ. ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ರಾಮಾಂಜನೇಯ ಗುಡ್ಡದ ಸುತ್ತ ಓಡಿಸಿದೆ. ಗಾಂಧಿ ಬಜಾರ್ ತನಕ ಹೋಗಿ ಬಂದೆ. ಬೇಕೆಂದೇ ಗುಂಡಿಗಳಿಗೆ ಇಳಿಸಿದೆ. ಏನಿಲ್ಲ. ಆತನನ್ನು ಇಳಿಸಿ ಎರಡು ಮಾರು ಹೋಗಿಲ್ಲ, ಲೊಟಲೊಟ.

ಮೊದಲು ಅನುಮಾನ ಬಂದದ್ದು ಡಿಕ್ಕಿಯಲ್ಲಿದ್ದ ಕಲ್ಲಿನ ಮೇಲೆ. ಹನುಮಂತನಗರದ ರಸ್ತೆಗಳು ಏರಿಳಿತದವು. ನಮ್ಮ ಹ್ಯಾಂಡ್‌ಬ್ರೇಕ್ ಬರೀ ಸಮಾಧಾನಕ್ಕೆ. ಹಾಗಾಗಿ ಎಲ್ಲಿ ನಿಲ್ಲಿಸಿದರೂ ಚಕ್ರಕ್ಕೆ ಕೊಡಲು ಒಂದು ಕಲ್ಲು ಜೊತೆಗೇ ಓಡಾಡುತ್ತದೆ. ಕಲ್ಲು ತೆಗೆದು ಓಡಿಸಿದೆ. ಲೊಟಲೊಟ. ಆಮೇಲೆ ಬುಷ್ ಬದಲಾಯಿತು. ಶಾಕ್ ಅಬ್ಸಾರ್ಬರ್ ಮೌಂಟ್ ಬದಲಾಯಿತು. ಸೈಲೆನ್ಸರ್ ನೇತುಹಾಕುವ ರಬ್ಬರ್ ಬದಲಾಯಿತು. 4,600 ರೂಪಾಯಿ ಖರ್ಚಾದ ಮೇಲೆ ಒಂದು ದಿನ ಪಂಕ್ಚರ್ ಆಗಿ ಸ್ಟೆಪ್ನಿ ಎತ್ತಿದರೆ, ಅದರ ಕೆಳಗೆ ಒಂದು ಸ್ಟೀಲ್ ಲೋಟ. ಮೇಲುಕೋಟೆಗೆ ಪುಳಿಯೋಗರೆ ಕಟ್ಟಿಕೊಂಡು ಹೋದಾಗ ಕಳೆದುಹೋಗಿತ್ತು. ಅದರ ಮೇಲೆ ನಮ್ಮ ಅತ್ತೆಯ ಹೆಸರು ಕೆತ್ತಿತ್ತು. ಆ ಲೋಟ ಕಳೆದದ್ದಕ್ಕೆ ಒಂದೂವರೆ ವರ್ಷ ನನ್ನನ್ನು ಆಡಿಕೊಂಡಿದ್ದರು. ಅಷ್ಟು ದಿನ ಅದು ಹಿಂದಿನಿಂದ ತನ್ನ ಹೆಸರನ್ನೇ ಕೂಗಿ ಹೇಳುತ್ತಿತ್ತು. ನಾವು ಬುಷ್ ಬದಲಾಯಿಸುತ್ತಿದ್ದೆವು.

ಹದಿನೈದು ವರ್ಷ ತುಂಬಿದ ಮೇಲೆ ಕಾರಿನ ಆರ್‌ಸಿ, ಅಂದರೆ ನೋಂದಣಿ ಪತ್ರ, ನವೀಕರಿಸಬೇಕು, ಅಲ್ವಾ. ನಮ್ಮ ಕಾರಿಗೆ ಹದಿನೈದು ತುಂಬಿದ್ದು ಸರಿಯಾಗಿ 2022ರ ಡಿಸೆಂಬರ್‌ನಲ್ಲಿ. ಅದೇ ವರ್ಷ ಏಪ್ರಿಲ್ 1ರಿಂದ 600 ರೂಪಾಯಿ ಇದ್ದ ಶುಲ್ಕ 5,000 ಆಗಿತ್ತು. ಕಾರು ಒಂಬತ್ತು ತಿಂಗಳು ಮೊದಲೇ ಹುಟ್ಟಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತು. ಜಾತಕ ನೋಡಿ ಕೊಳ್ಳಬೇಕಿತ್ತು. ಚಾಸಿಸ್ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದರು. ಚಿಕ್ಕಂದಿನಲ್ಲಿ ನಾಲ್ಕಾಣೆ ಮೇಲೆ ಕಾಗದವಿಟ್ಟು ಉಜ್ಜುತ್ತಿದ್ದೆವಲ್ಲ, ಅದೇ ವಿದ್ಯೆ. ಲೈಟು, ಇಂಡಿಕೇಟರ್ ಎಲ್ಲ ಪಾಸಾಯಿತು. ಇನ್‌ಸ್ಪೆಕ್ಟರ್ 'ಹಾರ್ನ್ ಹೊಡೀರಿ' ಅಂದರು. ಹೊಡೆದೆ. 'ಕುಂಯ್' ಅಂದಿತು. ಅವರು ಬಗ್ಗಿ ಕಾರಿನ ಕೆಳಗೆ ನೋಡಿದರು, ನಾಯಿಮರಿ ಏನಾದರೂ ಇದೆಯಾ ಅಂತ. ನಾನು ವಿನಯದಿಂದ ಹೇಳಿದೆ, 'ಸರ್, ಸ್ಟೀರಿಂಗ್ ಎಡಕ್ಕೆ ತಿರುಗಿಸಿದ್ರೆ ತಾನಾಗೇ ಜೋರಾಗಿ ಹೊಡ್ಕೊಳ್ಳುತ್ತೆ. ತೋರಿಸ್ಲಾ?' ತೋರಿಸುವುದು ಬೇಡ, ರಿಪೇರಿ ಮಾಡಿಸಿಕೊಂಡು ಬನ್ನಿ ಅಂದರು. 2027ಕ್ಕೆ ಮತ್ತೆ ಹೋಗಬೇಕು. ಇಪ್ಪತ್ತು ದಾಟಿದ ಕಾರಿಗೆ ಶುಲ್ಕ 10,000 ಅಂತ 2025ರಲ್ಲಿ ಮಾಡಿದ್ದಾರೆ. ಮನುಷ್ಯರಿಗೆ ಅರವತ್ತಾದರೆ ಶಾಂತಿಯ ಖರ್ಚು, ಕಾರಿಗೆ ಇಪ್ಪತ್ತಕ್ಕೇ.

ಹಾರ್ನ್ ಸರಿಯಾಯಿತು. ಇಲಿ ಬಂದು ಅದರ ವಯರ್ ಕಡಿಯಿತು. ಮತ್ತೆ ಸರಿಯಾಯಿತು. ಇಲಿಗೆ ಅಂತ ಬಾನೆಟ್ ಒಳಗೆ ಹೊಗೆಸೊಪ್ಪು ಕಟ್ಟಿದೆ. ಇಲಿ ಬಂದೇ ಬಂತು, ನಮ್ಮ ಕಾರು ಮಾತ್ರ ಬೀಡಿ ಅಂಗಡಿಯ ವಾಸನೆ ಹೊಡೆಯತೊಡಗಿತು.

ಎಲ್ಲಕ್ಕಿಂತ ದೊಡ್ಡ ಅವಮಾನ ಆದದ್ದು 2024ರ ಏಪ್ರಿಲ್ ಕೊನೆಯಲ್ಲಿ. ಬೆಂಗಳೂರಿನಲ್ಲಿ 38 ಡಿಗ್ರಿ ದಾಟಿದ ಬೇಸಿಗೆ ಅದು. ಎಚ್‌ಎಸ್‌ಆರ್ ಲೇಔಟಿನಲ್ಲಿ ಗೃಹಪ್ರವೇಶ. ಹೆಂಡತಿ ಮೈಸೂರು ಸಿಲ್ಕ್ ಸೀರೆ, ನಾನು ಪಂಚೆ ಶಲ್ಯ. ಸಿಲ್ಕ್ ಬೋರ್ಡ್ ಜಂಕ್ಷನ್ ಹತ್ತಿರ ಎಂದಿನಂತೆ ಎಲ್ಲ ನಿಂತಿತು. ನಮ್ಮ ಕಾರಿನ ಟೆಂಪರೇಚರ್ ಮುಳ್ಳು ಮಾತ್ರ ನಿಲ್ಲದೆ ಮೇಲೇರತೊಡಗಿತು. ರೇಡಿಯೇಟರ್ ಫ್ಯಾನ್ ತಿರುಗುವ ಸದ್ದೇ ಇಲ್ಲ. ಜೀವನದಲ್ಲಿ ಮೊದಲ ಸಲ ಒಂದು ಸದ್ದು ಇಲ್ಲದ್ದಕ್ಕೆ ಹೆದರಿದೆ.

ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. 'ಸರ್, ಎಸಿ ಆಫ್ ಮಾಡಿ. ಗ್ಲಾಸ್ ಎಲ್ಲ ಇಳಿಸಿ. ಹೀಟರ್ ಫುಲ್ ಇಡಿ' ಅಂದ.

'ಏನಿಡೋದು?'

'ಹೀಟರ್ ಸರ್. ಬಿಸಿ ಗಾಳಿ.'

ಇದರಲ್ಲಿ ತರ್ಕ ಇದೆ. ಎಂಜಿನ್ ಸುತ್ತಿ ಬಂದ ಬಿಸಿ ಕೂಲಂಟ್ ಹೀಟರಿನ ಪುಟ್ಟ ರೇಡಿಯೇಟರ್ ಮೂಲಕವೂ ಹಾಯುತ್ತದೆ. ಅಲ್ಲಿಗೆ ಫ್ಯಾನ್ ಹಾಕಿದರೆ ಎಂಜಿನ್ನಿನ ಕಾವು ಒಂದಿಷ್ಟು ಇಳಿಯುತ್ತದೆ. ಇಳಿದ ಕಾವು ಎಲ್ಲಿಗೆ ಹೋಗುತ್ತದೆ ಅಂದರೆ, ನಮ್ಮ ಮುಖಕ್ಕೆ. ಇದನ್ನು ಹೆಂಡತಿಗೆ ವಿವರಿಸಿದೆ. 'ಹಾಗಾದ್ರೆ ಎಂಜಿನ್ ಬದಲು ನಾವು ಬೇಯ್ಬೇಕು' ಅಂದಳು. ಅವಳು ಸೈನ್ಸ್ ಓದಿದವಳು, ಬೇಗ ಅರ್ಥವಾಗುತ್ತದೆ.

ಬೆಂಗಳೂರಿನಲ್ಲಿ ಯಾರು ಹೀಟರ್ ಹಾಕುತ್ತಾರೆ? ಹಾಗಾಗಿ ನಮ್ಮ ಹೀಟರಿಗೆ ಅದೇ ಉದ್ಘಾಟನೆ. ಮೊದಲು ಬಂದದ್ದು ಗಾಳಿಯಲ್ಲ, ಧೂಳು. 2007ರಿಂದ ಕೂಡಿಟ್ಟ ಧೂಳು, ಒಂದೆರಡು ಒಣಗಿದ ಹೊಂಗೆ ಹೂವಿನ ಸಮೇತ ನಮ್ಮ ಮೇಲೆ ಅಕ್ಷತೆಯ ಹಾಗೆ ಬಿತ್ತು. ಆಮೇಲೆ ಶುರುವಾಯಿತು ಬಿಸಿ. ಪಕ್ಕದಲ್ಲಿ ನಿಂತ ಆಟೋದವರು ಬಗ್ಗಿ ನೋಡಿದರು. ನಮ್ಮ ಕಿಟಕಿಯಿಂದ ಅವರ ಕಡೆಗೂ ಕಾವು ಹೊಡೆದಿರಬೇಕು. 'ಸಾರ್, ಚಳೀನಾ?' ಅಂದರು. ನಾನು ಗಂಭೀರವಾಗಿ ಸಿಗ್ನಲ್ ನೋಡುತ್ತಾ ಕೂತೆ. ಮುಳ್ಳು ನಿಧಾನಕ್ಕೆ ಕೆಳಗಿಳಿಯಿತು. ಮನೆಯೊಡೆಯರು ಬಾಗಿಲಲ್ಲಿ ನಮ್ಮನ್ನು ನೋಡಿ, 'ಅಯ್ಯೋ ಪಾಪ, ಇಷ್ಟು ಬಿಸಿಲಲ್ಲಿ ಬಸ್ಸಲ್ಲಿ ಬಂದ್ರಾ?' ಅಂದರು. ಹೆಂಡತಿ 'ಹೂಂ' ಅಂದಳು.

ಹೋದದ್ದು ಫ್ಯಾನಿನ ರಿಲೇ. ಬೆಂಕಿಪೆಟ್ಟಿಗೆಗಿಂತ ಚಿಕ್ಕದು. 250 ರೂಪಾಯಿ.

ರಿಲೇ ತರಲು ಜೆಸಿ ರೋಡಿಗೆ ಹೋದವನು, ಮುರಿದ ಬಾಗಿಲಿನ ಹಿಡಿಯನ್ನೂ ಹುಡುಕಿದೆ. ಆ ರಸ್ತೆಯಲ್ಲಿ ಸಿಗದ ಬಿಡಿಭಾಗ ಇಲ್ಲ. ನಾವು ಕೇಳಿದ ಬಣ್ಣದ್ದು ಸಿಗುವುದಿಲ್ಲ, ಅಷ್ಟೆ. ನಾಲ್ಕು ಅಂಗಡಿ ಸುತ್ತಿ ಕೆಂಪು ಹಿಡಿ ತಂದೆ. ಮಗಳು 'ಲಿಪ್‌ಸ್ಟಿಕ್ ಹಚ್ಚಿದ ಹಾಗಿದೆ' ಅಂದಳು. ಜಾತ್ರೆಯಂಥ ಪಾರ್ಕಿಂಗಿನಲ್ಲೂ ಈಗ ಕಾರು ಬೇಗ ಸಿಗುತ್ತದೆ.

ಇಂಥ ಕಾರನ್ನು ಇನ್ನೊಬ್ಬರ ಕೈಗೆ ಕೊಡಬಾರದು. ಕೊಟ್ಟೆ. ಜಯನಗರದ ಒಂದು ಛತ್ರದ ಮುಂದೆ ಕಾರು ನಿಲ್ಲಿಸಿ ಬರುವ ವ್ಯಾಲೆ ಹುಡುಗ ಕೀಗೆ ಕೈ ಚಾಚಿದ. 'ನೋಡಪ್ಪಾ, ಕೀ ಹಾಕಿ ಎರಡು ಸೆಕೆಂಡ್ ತಡಿ. ಕ್ಲಚ್ ಮೇಲೆ ಬಂದಾಗಲೇ ಹಿಡಿಯೋದು. ರಿವರ್ಸ್ ಬೀಳದಿದ್ರೆ ಒಂದು ಸಲ ಮೂರನೇ ಗೇರಿಗೆ ಹೋಗಿ ಬಾ. ಎಡಗಡೆ ಗ್ಲಾಸ್ ಮುಟ್ಬೇಡ, ಒಳಗೆ ಬೀಳುತ್ತೆ. ಕಲ್ಲು ಡಿಕ್ಕಿಯಲ್ಲಿದೆ.' ಅವನು 'ಓಕೆ ಸರ್' ಅಂತ ಹತ್ತಿದ. ಹಿಂದೆ ಐದು ಕಾರುಗಳ ಸಾಲು. ನಾನು ಮೆಟ್ಟಿಲು ಹತ್ತಿ, ಪನ್ನೀರು ಚಿಮುಕಿಸಿಕೊಂಡು, ಕಲ್ಲುಸಕ್ಕರೆ ಬಾಯಿಗೆ ಹಾಕುವಷ್ಟರಲ್ಲಿ ಓಡಿ ಬಂದ. ಕೈಯಲ್ಲಿ ಗೇರಿನ ಗುಂಡು. 'ಸರ್, ಇದು ಕೈಗೇ ಬಂತು.' ಅದನ್ನು ಹೇಳುವುದು ಮರೆತಿದ್ದೆ. ಅದನ್ನು ಒತ್ತಿ ಹಿಡಿಯಬೇಕು, ಎಳೆಯಬಾರದು. ಹೋಗಿ ನಾನೇ ನಿಲ್ಲಿಸಿ ಬಂದೆ. ಅವನು ಕಲ್ಲು ಕೊಟ್ಟ.

ಈ ಸಲ ಆಯುಧಪೂಜೆಗೆ ಕಾರಿಗೆ ಭರ್ಜರಿ ಸ್ನಾನ. ಹಿಂದಿನ ಸಂಜೆ ನಾಲ್ಕೂ ಬಾಗಿಲು ತೆರೆದಿಟ್ಟು, ಹಾಡು ಹಾಕಿಕೊಂಡು ಮೂರು ಗಂಟೆ ತೊಳೆದೆ. ಬೆಳಿಗ್ಗೆ ಬಾಳೆಕಂದು, ಚೆಂಡುಹೂವಿನ ಹಾರ, ವಿಭೂತಿ ಪಟ್ಟೆ, ಕುಂಕುಮ. ಬೂದುಗುಂಬಳ ಒಡೆದದ್ದಾಯಿತು. ಚಕ್ರಗಳ ಮುಂದೆ ನಾಲ್ಕು ನಿಂಬೆಹಣ್ಣು. ಇನ್ನು ಕಾರು ಮುಂದಕ್ಕೆ ಬಿಡಬೇಕು. ಕೀ ತಿರುಗಿಸಿದೆ.

'ಟಿಕ್ ಟಿಕ್ ಟಿಕ್ ಟಿಕ್.'

ಅತ್ತೆ ಆರತಿ ತಟ್ಟೆ ಹಿಡಿದು ನಿಂತಿದ್ದರು. ಕರ್ಪೂರ ಉರಿಯುತ್ತಿತ್ತು. ಫೋನ್ ಸ್ಪೀಕರಿಗೆ ಹಾಕಿ ಡ್ಯಾಶ್‌ಬೋರ್ಡ್ ಮೇಲಿಟ್ಟೆ.

'ಸರ್, ಇವತ್ತು ಸ್ಪ್ಯಾನರ್ ಮುಟ್ಟಲ್ಲ. ಎಲ್ಲ ಪೂಜೆಗೆ ಇಟ್ಟಿದೀನಿ' ಅಂದ. ಆಮೇಲೆ ಮನಸ್ಸು ತಡೆಯಲಿಲ್ಲ. 'ಸೌಂಡ್ ಮಾಡಿ ತೋರಿಸಿ.'

ಬೀದಿಯವರ ಮುಂದೆ, ಹಣೆಯ ತುಂಬ ಕುಂಕುಮ ಇಟ್ಟುಕೊಂಡು, 'ಟಿಕ್ ಟಿಕ್' ಅಂದೆ.

'ಒಂದೇ ಟಿಕ್ಕಾ, ಸುಮಾರು ಟಿಕ್ಕಾ?'

'ಸುಮಾರು' ಅಂತ ಹಿಂದಿನಿಂದ ಮಗಳು ಕೂಗಿದಳು.

'ಒಂದೇ ಆಗಿದ್ರೆ ಸ್ಟಾರ್ಟರ್ ಮೋಟರ್. ಸುಮಾರು ಅಂದ್ರೆ ಬ್ಯಾಟರಿ ಇಳಿದಿದೆ. ನಿನ್ನೆ ಹಾಡು ಹಾಕಿದ್ರಾ? ತಳ್ಳಿ ಸರ್.'

ಕಲ್ಲು ತೆಗೆದೆವು. ಹೆಂಡತಿ, ಮಗಳು, ಹೂವಿನವರು, ಪಕ್ಕದ ಮನೆಯವರು ಎಲ್ಲ ಸೇರಿ ತಳ್ಳಿದರು. ನಮ್ಮ ರಸ್ತೆ ಇಳಿಜಾರು, ಕಾರು ಗತ್ತಿನಿಂದಲೇ ಹೊರಟಿತು. ಪಚಕ್. ಪಚಕ್ ಪಚಕ್. ಅತ್ತೆ ಆರತಿ ಎತ್ತಿದರು. ಫೋನ್ ಇನ್ನೂ ಡ್ಯಾಶ್‌ಬೋರ್ಡ್ ಮೇಲೇ ಇತ್ತು.

'ಸರ್, ಪಚಕ್ ಅಂತು. ಏನದು?'

'ನಿಂಬೆಹಣ್ಣು ಕಣಯ್ಯಾ.'

ಆ ಕಡೆ ಸ್ವಲ್ಪ ಮೌನ.

'ಮೂರೇ ಕೇಳಿಸ್ತು ಸರ್.'

ಇಳಿದು ನೋಡಿದೆ. ಹೌದು, ಮೂರೇ. ನಾಲ್ಕನೆಯದು ಇಳಿಜಾರಿನಲ್ಲಿ ಉರುಳಿಕೊಂಡು ಹೋಗಿ, ಪಕ್ಕದ ಮನೆಯ ಎಲೆಕ್ಟ್ರಿಕ್ ಕಾರಿನ ಚಕ್ರಕ್ಕೆ ಒರಗಿ ಕೂತಿತ್ತು.