ಕೊನೆಯ ಒಂದು ಡಿಗ್ರಿ

"ನೀರು ಬಿಸಿಯಾಯಿತಾ?" ಎಂದು ಬಚ್ಚಲ ಕಡೆಗೆ ಕೂಗಿದರೆ ಕಾಸರಗೋಡಿನ ಹಳೇ ಮನೆಗಳಲ್ಲಿ ಹೌದು, ಇಲ್ಲ ಎಂಬ ಉತ್ತರ ಬರುವುದು ಅಪರೂಪ. "ಇನ್ನೊಂದು ಮಡಲು ಉರಿಯಲಿ" ಎಂದು ಬರುತ್ತದೆ. ಅಲ್ಲಿ ಹೊತ್ತಿನ ಅಳತೆ ನಿಮಿಷವಲ್ಲ, ಮಡಲು. ಒಣಗಿದ ತೆಂಗಿನ ಮಡಲಿನದು ಒಂದು ಲೆಕ್ಕ, ಸಿಪ್ಪೆಯದು ಇನ್ನೊಂದು, ಆಟಿಯ ಮಳೆಗೆ ನೆನೆದ ಕೊತ್ತಳಿಗೆಯದು ಲೆಕ್ಕಕ್ಕೇ ಸಿಗದ್ದು. ಒಲೆಯ ಮುಂದೆ ಕೂತವರು ಹಂಡೆಗೆ ಕೈ ಹಾಕಿ ನೋಡಬೇಕೆಂದೂ ಇಲ್ಲ. ನೀರು ಕುದಿಯುವ ಮೊದಲು ಸುಂಯ್ ಎಂದು ಸದ್ದು ಮಾಡುತ್ತದೆ; ತಳದಲ್ಲಿ ಹುಟ್ಟಿದ ಆವಿಯ ಗುಳ್ಳೆಗಳು ಮೇಲಿನ ತಣ್ಣೀರಿಗೆ ಸಿಕ್ಕಿ ಒಡೆಯುವ ಸದ್ದು ಅದು. ಸ್ನಾನಕ್ಕೆ ಆ ಸದ್ದಿನವರೆಗೂ ಹೋಗಬೇಕಾಗಿಲ್ಲ.

ಈಗ ಅದೇ ಪ್ರಶ್ನೆಯನ್ನು ಗೋಡೆಯ ಮೇಲಿನ ಒಂದು ದುಂಡನೆಯ ಗಾಜಿಗೆ ಕೇಳುವ ಕಾಲ. ಕೊಲ್ಲಿಯಲ್ಲಿ ದುಡಿಯುವವರ ಫ್ಲಾಟುಗಳಲ್ಲಿ ಕೋಣೆಯ ಬಿಸಿ ಅಳೆದು ಎಸಿಯನ್ನು ಓಡಿಸಿ ನಿಲ್ಲಿಸುವ ಈ ಗೋಡೆಯ ಥರ್ಮೋಸ್ಟಾಟ್ ಹೊಸ ವಸ್ತುವೇನಲ್ಲ. ಉಪ್ಪಳ, ಕುಂಬಳೆಯ ಮನೆಗಳಿಗೆ ಬಂದಿರುವುದು ಸ್ಪ್ಲಿಟ್ ಎಸಿಯ ರಿಮೋಟಿನ ಕೆಲಸವನ್ನು ತಾನೇ ಮಾಡುವ ಸಣ್ಣ ಡಬ್ಬಿ ಮತ್ತು ಮೊಬೈಲಿನ ಆ್ಯಪ್. ಎರಡೂ ಹೇಳುವುದು ಒಂದೇ ಮಾತು: "25 ಡಿಗ್ರಿಗೆ ಇನ್ನು 48 ನಿಮಿಷ." ಸೆಕೆಯಲ್ಲಿ ಬೆವರು ಒರೆಸುತ್ತ ನಿಂತವನಿಗೆ ಈ 48 ಎಲ್ಲಿಂದ ಬಂತು ಎಂಬ ಕುತೂಹಲಕ್ಕಿಂತ ಸಿಟ್ಟೇ ಮೊದಲು ಬರುವುದು ಸಹಜ.

ಸಿಟ್ಟಿಗೆ ಕಾರಣವೂ ಇದೆ, ಲೆಕ್ಕ ಹಾಕಿ ನೋಡಿ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆ, ಎತ್ತರ ಹತ್ತಡಿ. ಒಳಗಿನ ಗಾಳಿ 34 ಘನ ಮೀಟರ್. ಗಾಳಿಗೂ ತೂಕವಿದೆ, ಘನ ಮೀಟರಿಗೆ 1.2 ಕಿಲೋದಂತೆ ಒಟ್ಟು 41 ಕಿಲೋ, ಒಂದು ಮೂಟೆ ಕುಚ್ಚಲಕ್ಕಿಗಿಂತ ಸ್ವಲ್ಪ ಕಡಿಮೆ. ಇದನ್ನು 32ರಿಂದ 25 ಡಿಗ್ರಿಗೆ ಇಳಿಸಲು ತೆಗೆಯಬೇಕಾದ ಶಾಖ 287 ಕಿಲೋಜೂಲ್. ಒಂದು ಟನ್ ಎಸಿ ಸೆಕೆಂಡಿಗೆ 3.5 ಕಿಲೋಜೂಲ್ ಹೊರಹಾಕುತ್ತದೆ. (ಈ ಟನ್ ಎಸಿಯ ತೂಕವಲ್ಲ. ಅಮೆರಿಕದ ಒಂದು ಟನ್, ಅಂದರೆ 907 ಕಿಲೋ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುತ್ತ ಹೀರುವ ಶಾಖದ ಅಳತೆ. ಮಂಜುಗಡ್ಡೆಯ ವ್ಯಾಪಾರ ಮುಗಿದುಹೋದರೂ ಹೆಸರು ಉಳಿಯಿತು.) ಭಾಗಿಸಿದರೆ 82 ಸೆಕೆಂಡು. ಒಂದೂವರೆ ನಿಮಿಷವೂ ಆಗದ ಕೆಲಸಕ್ಕೆ ಮುಕ್ಕಾಲು ಗಂಟೆಯೇ?

ಉಳಿದ ಹೊತ್ತು ಗಾಳಿಗಲ್ಲ, ಗಾಳಿಯ ಜೊತೆಗಿರುವ ನಂಟರಿಗೆ ಖರ್ಚಾಗುತ್ತದೆ. ಮೊದಲನೆಯ ನಂಟ ನೀರು. ಮಳೆಗೆ ಮುಂಚಿನ ನಮ್ಮ ಕರಾವಳಿಯ ಸಂಜೆ, 32 ಡಿಗ್ರಿಯಲ್ಲಿ ತೇವಾಂಶ ಶೇಕಡಾ 75 ಇದ್ದರೆ, ಆ ಕೋಣೆಯ ಗಾಳಿಯಲ್ಲೇ ಸುಮಾರು 850 ಗ್ರಾಂ ನೀರು ಆವಿಯಾಗಿ ಅಡಗಿರುತ್ತದೆ. 25 ಡಿಗ್ರಿಯಲ್ಲಿ ಮೈ ಒಣಗಿ ಹಿತವೆನಿಸಬೇಕಾದರೆ ಅದರಲ್ಲಿ ಅರ್ಧವನ್ನು ಎಸಿಯೊಳಗಿನ ತಣ್ಣನೆಯ ಕೊಳವೆ ಸುರುಳಿಯ, ಅಂದರೆ ಕಾಯಿಲಿನ ಮೇಲೆ ಹನಿಯಾಗಿಸಿ ಇಳಿಸಬೇಕು. ಬರೀ ಇಷ್ಟಕ್ಕೆ ಐದು ನಿಮಿಷ ಬೇಕು. ಗಾಳಿಯನ್ನು ತಂಪು ಮಾಡುವುದರ ಮೂರೂವರೆ ಪಟ್ಟು. ಹಾಸಿಗೆ, ಪರದೆ, ಕಪಾಟಿನ ಬಟ್ಟೆಗಳು ಹೀರಿಕೊಂಡ ತೇವ ಬೇರೆ. ಆಟಿಯಲ್ಲಿ ಹಪ್ಪಳ ಮೆತ್ತಗಾಗುವ ಮನೆಯಲ್ಲಿ ಹಾಸಿಗೆ ಮಾತ್ರ ಒಣಗಿರುತ್ತದೆಯೇ?

ಎರಡನೆಯ ನಂಟ ಬಲು ಭಾರದವನು. ತಲೆಯ ಮೇಲಿನ ಐದು ಇಂಚಿನ ಕಾಂಕ್ರೀಟು ತಾರಸಿ ಆ ಒಂದು ಕೋಣೆಯ ಮಟ್ಟಿಗೇ 3,400 ಕಿಲೋ ತೂಗುತ್ತದೆ. ಅದನ್ನು ಪೂರ್ತಿಯಾಗಿ ಒಂದೇ ಒಂದು ಡಿಗ್ರಿ ಇಳಿಸಲು, ಬೇರೇನೂ ಮಾಡದೆ, ಆ ಎಸಿಗೆ 14 ನಿಮಿಷ ಬೇಕು. ಮಧ್ಯಾಹ್ನದ ಬಿಸಿಲನ್ನು ಕುಡಿದ ತಾರಸಿ ಅದನ್ನು ಒಳಕ್ಕೆ ಉಗುಳುವುದು ಮೂರು ನಾಲ್ಕು ಗಂಟೆ ಕಳೆದ ಮೇಲೆ. ಅಷ್ಟರಲ್ಲಿ ಹೊರಗೆ ಕಡಲಗಾಳಿ ಬೀಸಿ ಜಗಲಿ ತಂಪಾಗಿರುತ್ತದೆ, ಕೋಣೆ ಕಾದಿರುತ್ತದೆ. ಮುರಕಲ್ಲಿನ ಗೋಡೆಯ ಸ್ವಭಾವವೂ ಅದೇ. ಒಳಮೈಯ ಪದರವಷ್ಟೇ ಬೇಗ ತಣಿಯುತ್ತದೆ, ಒಳಗಿನದು ನಿಧಾನ. ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟು ಹಾಸಿದ ಮನೆಗೂ ಬರಿ ತಾರಸಿಯ ಮನೆಗೂ ಇದೇ ಕಾರಣಕ್ಕೆ ಅಷ್ಟು ವ್ಯತ್ಯಾಸ. ಶೀಟು ಹಾಕಿದ್ದು ಸೋರುವುದಕ್ಕೆ ಹೆದರಿ ಇರಬಹುದು, ಅಡಿಕೆ ಒಣಹಾಕಲು ಇರಬಹುದು. ಎಸಿಗೆ ಅದು ಕೊಡೆ.

ಹಾಗಾಗಿ ಥರ್ಮೋಸ್ಟಾಟ್ ಕಲಿಯುವುದು ಎಸಿಯನ್ನಲ್ಲ, ಮನೆಯನ್ನು. ಪ್ರತಿ ಸಲ ಚಾಲೂ ಆದಾಗ ಎಷ್ಟು ಹೊತ್ತಿಗೆ ಎಷ್ಟು ಡಿಗ್ರಿ ಇಳಿಯಿತು, ಆರಿಸಿದ ಮೇಲೆ ಎಷ್ಟು ಬೇಗ ಏರಿತು ಎಂದು ಬರೆದಿಟ್ಟುಕೊಳ್ಳುತ್ತದೆ. ಹೊರಗಿನ ಹವೆಯನ್ನು ಇಂಟರ್ನೆಟ್ಟಿನಿಂದ ತರಿಸಿಕೊಳ್ಳುವುದೂ ಉಂಟು. ಇಷ್ಟರಿಂದ ಈ ಮನೆಯ ಬಿಸಿ ಎಷ್ಟು ಹಟಮಾರಿ ಎಂಬುದಕ್ಕೆ ಒಂದು ಅಂಕಿ ಸಿಗುತ್ತದೆ. ಎಂಜಿನಿಯರುಗಳು ಅದನ್ನು ಟೈಮ್ ಕಾನ್‌ಸ್ಟಂಟ್ ಎನ್ನುತ್ತಾರೆ. ಮೊದಲ ವಾರದ ಭವಿಷ್ಯ ಹೊಸ ಕೆಲಸದಾಳಿನ ಅಡಿಕೆ ಸುಲಿತದಂತೆ: ಕೈ ಓಡುತ್ತದೆ, ಹದ ಇಲ್ಲ.

ತಂಪು ದೇಶಗಳಲ್ಲಿ ಇದರ ಉಪಯೋಗ ಇನ್ನೂ ಹೆಚ್ಚು, ಅಲ್ಲಿ ಕೆಲಸ ಬಿಸಿ ಮಾಡುವುದು. ರಾತ್ರಿ 16 ಡಿಗ್ರಿಗೆ ಬಿಟ್ಟ ಮನೆ ಬೆಳಗ್ಗೆ ಆರೂವರೆಗೆ 20 ಆಗಿರಬೇಕು ಎಂದರೆ ಆರೂವರೆಗೆ ಒಲೆ ಹೊತ್ತಿಸಿದರೆ ಆಗದು. ಎಷ್ಟು ಮುಂಚೆ ಹೊತ್ತಿಸಬೇಕು ಎಂಬುದೇ ವಿದ್ಯೆ. 2011ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ನೆಸ್ಟ್ ಎಂಬ ಥರ್ಮೋಸ್ಟಾಟ್ ಇದಕ್ಕೆ ಅರ್ಲಿ-ಆನ್ ಎಂದಿತು, ಇಕೋಬೀ ಎಂಬ ಇನ್ನೊಂದು ಸ್ಮಾರ್ಟ್ ರಿಕವರಿ ಎಂದಿತು. ಹೆಸರು ಏನೇ ಇರಲಿ, ನಸುಕಿಗೆ ಎದ್ದು ಹಂಡೆಗೆ ಬೆಂಕಿ ಹಾಕುವವರು ಮಾಡುತ್ತಿದ್ದುದು ಅದನ್ನೇ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವಾರನ್ ಜಾನ್ಸನ್ ಎಂಬ ಅಧ್ಯಾಪಕ 1883ರಲ್ಲಿ ಪೇಟೆಂಟ್ ಪಡೆದ ಥರ್ಮೋಸ್ಟಾಟ್ ಕೂಡ ಒಲೆಯನ್ನು ತಾನೇ ಮುಟ್ಟುತ್ತಿರಲಿಲ್ಲ. ತರಗತಿ ತಣ್ಣಗಾದರೆ ನೆಲಮಾಳಿಗೆಯಲ್ಲಿ ಒಂದು ಗಂಟೆ ಬಾರಿಸುತ್ತಿತ್ತು, ಅಲ್ಲಿದ್ದ ಆಳು ಬೆಂಕಿಯನ್ನು ನೋಡಿಕೊಳ್ಳುತ್ತಿದ್ದ. ಬಚ್ಚಲಿಗೆ ಕೂಗುವುದೆಂದರೆ ಇದೇ ಅಲ್ಲವೇ, ವಿದ್ಯುತ್ತಿನ ಮೂಲಕ.

ಇಷ್ಟಾದರೂ ಭವಿಷ್ಯ ಎಡವುವ ಜಾಗ ಒಂದಿದೆ, ಅದು ಕೊನೆಯ ಡಿಗ್ರಿ. ಐಸಾಕ್ ನ್ಯೂಟನ್ 1701ರಲ್ಲಿ ತನ್ನ ಹೆಸರು ಹಾಕದೆ ಅಚ್ಚು ಹಾಕಿಸಿದ ಲ್ಯಾಟಿನ್ ಲೇಖನವೊಂದರಲ್ಲಿ ಕಾದ ಕಬ್ಬಿಣ ಆರುವ ಬಗೆಯನ್ನು ಹೇಳಿದ್ದ: ಸುತ್ತಲಿನದಕ್ಕಿಂತ ಎಷ್ಟು ಹೆಚ್ಚು ಬಿಸಿಯೋ ಅಷ್ಟು ವೇಗ, ಹತ್ತಿರ ಬಂದಂತೆಲ್ಲ ನಿಧಾನ. ಕೋಣೆಗೂ ಇದೇ. ಆ ದಿನದ ಬಿಸಿಗೆ ನಿಮ್ಮ ಎಸಿ ಎಷ್ಟೇ ಹೆಣಗಿದರೂ 22ರ ಕೆಳಗೆ ಹೋಗಲಾರದು ಎಂದುಕೊಳ್ಳಿ. ಟೈಮ್ ಕಾನ್‌ಸ್ಟಂಟ್, ಅಂದರೆ ಆ 22ಕ್ಕೆ ಇರುವ ಅಂತರದಲ್ಲಿ ಶೇಕಡಾ 63ರಷ್ಟು ಕರಗಲು ಬೇಕಾದ ಹೊತ್ತು, 40 ನಿಮಿಷ. ಆಗ 32ರಿಂದ 31ಕ್ಕೆ ನಾಲ್ಕು ನಿಮಿಷ ಸಾಕು. 26ರಿಂದ 25ಕ್ಕೆ ಹನ್ನೊಂದೂವರೆ. ಒಟ್ಟು 48, ಗಾಜು ಹೇಳಿದ್ದು ಸರಿಯೇ. ಆದರೆ 23ಕ್ಕೆ ಇಟ್ಟರೆ ಕೊನೆಯ ಡಿಗ್ರಿ ಒಂದಕ್ಕೇ 28 ನಿಮಿಷ. 22ಕ್ಕೆ ಇಟ್ಟರೆ ಎಂದೂ ಇಲ್ಲ. "ಇನ್ನು 10 ನಿಮಿಷ" ಎಂಬುದು ಅಲ್ಲೇ ಅಂಟಿಕೊಂಡು, ಬದಿಯಡ್ಕದ ದಾರಿಯಲ್ಲಿ ಬಸ್ಸು ಕಾಯುವವನಿಗೆ "ಈಗ ಬರ್ತದೆ" ಎನ್ನುವ ಅಂಗಡಿಯವನ ಹಾಗೆ ಸಮಾಧಾನ ಹೇಳುತ್ತಿರುತ್ತದೆ.

18ಕ್ಕೆ ಒತ್ತಿದರೆ ಬೇಗ ತಂಪಾಗುತ್ತದೆ ಎಂಬ ನಂಬಿಕೆಗೆ ಉತ್ತರವೂ ಇಲ್ಲೇ ಇದೆ. ಸಾದಾ ಎಸಿಯ ಕಂಪ್ರೆಸರಿಗೆ ಓಡುವುದು, ನಿಲ್ಲುವುದು ಎರಡೇ ಗೊತ್ತು. 18 ಎಂದರೂ 25 ಎಂದರೂ ಓಟದ ವೇಗ ಒಂದೇ, ನಿಲ್ಲುವ ಜಾಗ ಮಾತ್ರ ಬೇರೆ. ಇನ್ವರ್ಟರ್ ಎಸಿ ಗುರಿ ಹತ್ತಿರವಾದಾಗ ವೇಗ ಇಳಿಸುತ್ತದೆ, ಹಾಗಾಗಿ ಗುರಿಯನ್ನು ಎರಡು ಡಿಗ್ರಿ ಕೆಳಗಿಟ್ಟರೆ ಕೊನೆಯ ಭಾಗದಲ್ಲಿ ಕೊಂಚ ಲಾಭವುಂಟು. ಆದರೆ ಮತ್ತೆ ಮೇಲೆ ಏರಿಸಲು ಮರೆಯುವುದೇ ನಮ್ಮ ರೂಢಿ. 2020ರ ಜನವರಿಯಿಂದ ದೇಶದಲ್ಲಿ ಸ್ಟಾರ್ ಗುರುತಿನ ಕೋಣೆ ಎಸಿಗಳೆಲ್ಲ 24ಕ್ಕೆ ಹೊಂದಿಸಿಯೇ ಬರಬೇಕು ಎಂಬ ನಿಯಮ ಬಂದಾಗ ಗೊಣಗಿದವರಿದ್ದಾರೆ. 24 ಕೆಟ್ಟ ಅಂಕಿಯಲ್ಲ. ಫ್ಯಾನು ಎರಡರಲ್ಲಿ ತಿರುಗುತ್ತಿದ್ದರೆ 26 ಕೂಡ ಕೆಟ್ಟದ್ದಲ್ಲ.

ಇನ್ನು ಕೆಡುವ ರೀತಿಗಳು. ಸ್ಪ್ಲಿಟ್ ಎಸಿಯ ಮುಚ್ಚಳ ಎತ್ತಿ, ಜಾಳಿಗೆ ಫಿಲ್ಟರ್ ಸರಿಸಿದರೆ ಕಾಯಿಲಿನ ಮುಂದೆ ಪ್ಲಾಸ್ಟಿಕ್ ಕ್ಲಿಪ್ಪಿನಲ್ಲಿ ಸಿಕ್ಕಿಸಿದ ಒಂದು ಕರಿಯ ಕಾಳು ಕಾಣುತ್ತದೆ, ಕಾಳುಮೆಣಸಿಗಿಂತ ತುಸು ಉದ್ದ. ಅದೇ ಥರ್ಮಿಸ್ಟರ್, ಎಸಿಗೆ ಕೋಣೆಯ ಬಿಸಿ ಅಳೆದು ಹೇಳುವ ಸೆನ್ಸರ್. ಬಿಸಿ ಬದಲಾದಂತೆ ಅದರ ವಿದ್ಯುತ್ ರೋಧ ಬದಲಾಗುತ್ತದೆ; 25 ಡಿಗ್ರಿಯಲ್ಲಿ ಹಲವದರದು 10 ಕಿಲೋಓಮ್, ಕೆಲವದರದು 5 ಅಥವಾ 15. ಸರ್ವೀಸಿಗೆ ಬಂದವರು ತೊಳೆದು ಹೋಗುವ ಅವಸರದಲ್ಲಿ ಕ್ಲಿಪ್ಪಿಗೆ ಹಾಕದೆ ಬಿಟ್ಟರೆ ಅದು ಕಾಯಿಲಿಗೆ ತಾಗಿ ಕೂರುತ್ತದೆ. ಆಮೇಲೆ ಎಸಿ ಐದು ನಿಮಿಷಕ್ಕೇ "ತಂಪಾಯಿತು" ಎಂದು ನಿಲ್ಲುತ್ತದೆ, ಕೋಣೆ ಹಾಗೇ ಇರುತ್ತದೆ. ಜನ ಗ್ಯಾಸು ತುಂಬಿಸಲು ಓಡುತ್ತಾರೆ. ಮೊದಲು ಆ ಕಾಳನ್ನು ನೋಡಬೇಕು.

ಸರಿಯಾಗಿದ್ದಾಗಲೂ ಅದು ಕೂತಿರುವುದು ಏಳಡಿ ಎತ್ತರದಲ್ಲಿ, ಮಾಡಿನ ಬಿಸಿಯ ಪಕ್ಕದಲ್ಲಿ. ಹಾಸಿಗೆಯ ಮಟ್ಟದಲ್ಲಿ 25 ಆಗಿದ್ದರೂ ಅದಕ್ಕೆ 27 ಕಾಣಬಹುದು. ರಿಮೋಟಿನಲ್ಲಿ ಐ ಫೀಲ್ ಅಥವಾ ಫಾಲೋ ಮಿ ಎಂಬ ಗುಂಡಿ ಇದ್ದರೆ ಒತ್ತಿ, ರಿಮೋಟನ್ನು ತಲೆದಿಂಬಿನ ಹತ್ತಿರ ಎಸಿಗೆ ಮುಖಮಾಡಿ ಇಡಬೇಕು. ಆಗ ಅಳತೆ ರಿಮೋಟಿನ ಒಳಗಿನ ಸೆನ್ಸರಿನದು. ಹೊದಿಕೆಯ ಒಳಗೆ ಸಿಕ್ಕರೆ ಮೈಬಿಸಿಯನ್ನೇ ಅಳೆದು ರಾತ್ರಿಯಿಡೀ ಓಡಿಸುತ್ತದೆ. ಗೋಡೆಗೆ ಹಾಕುವ ಜಾತಿಯದಾದರೆ ಒಳಗೋಡೆ, ನೆಲದಿಂದ ಐದಡಿ, ಬಿಸಿಲು, ಟಿವಿ, ಫ್ರಿಜ್ಜು ಯಾವುದೂ ತಾಗದ ಕಡೆ. ವಯರ್ ಬರುವ ತೂತಿನಿಂದ ಗಾಳಿ ನುಗ್ಗಿದರೆ ಅದೂ ಸುಳ್ಳು ಹೇಳಿಸುತ್ತದೆ; ಚೂರು ಪುಟ್ಟಿ ಮೆತ್ತಿದರೆ ಸಾಕು.

ಫಿಲ್ಟರಿನ ಧೂಳಿನ ಬಗ್ಗೆ ಎಲ್ಲರಿಗೂ ಗೊತ್ತು, ಯಾರೂ ತೊಳೆಯುವುದಿಲ್ಲ. ಕರೆಂಟು ಒಂದು ಕ್ಷಣ ಹೋಗಿ ಬಂದರೆ ಕಂಪ್ರೆಸರ್ ಮೂರು ನಿಮಿಷ ಸುಮ್ಮನಿರುತ್ತದೆ. ಒಳಗಿನ ಒತ್ತಡ ಸಮವಾಗುವವರೆಗೆ ಕಾಯುವುದು ಅದರ ಧರ್ಮ, ಕೆಟ್ಟಿದೆ ಎಂದು ಗುಂಡಿ ಒತ್ತುತ್ತ ಹೋಗಬಾರದು. ಮಳೆಗಾಲದ ಗುಡುಗಿನ ಸಂಜೆಯಲ್ಲಿ ಈ ಮೂರು ಮೂರು ನಿಮಿಷಗಳೇ ಸೇರಿ ಭವಿಷ್ಯವನ್ನು ಅರ್ಧ ಗಂಟೆ ಮುಂದೆ ತಳ್ಳುತ್ತವೆ.

ಆ್ಯಪ್ ಇಲ್ಲದವರಿಗೂ ಒಂದು ಸೂಚನೆ ಹಿತ್ತಿಲಿನಲ್ಲೇ ಇದೆ. ಎಸಿಯ ನೀರಿನ ಪೈಪಿನ ಕೆಳಗೆ ಬಕೆಟ್ ಇಟ್ಟು ಕೇಳಿಸಿಕೊಳ್ಳಿ. ಚಾಲೂ ಮಾಡಿದ ಕೆಲವು ನಿಮಿಷಕ್ಕೆ ಮೊದಲ ಹನಿ. ಆಮೇಲೆ ಹನಿಗೆ ಹನಿ ಸೇರಿ ಸಣ್ಣ ಧಾರೆ. ಒಳಗಿನ ತೇವ ಇಳಿಯುತ್ತ ಬಂದಂತೆ ಧಾರೆ ಮತ್ತೆ ಹನಿಯಾಗುತ್ತದೆ, ಹನಿಗಳ ನಡುವೆ ಬಿಡುವು ಬೀಳುತ್ತದೆ. ಆಗ ಒಳಗೆ ಹೋದರೆ ಕೋಣೆ ಹದಕ್ಕೆ ಬಂದಿರುತ್ತದೆ. ಬಿಡುವೇ ಬೀಳದಿದ್ದರೆ ಯಾವುದೋ ಕಿಟಕಿ ತೆರೆದಿದೆ. ಬಕೆಟ್ಟಿನ ನೀರನ್ನು ಶುದ್ಧ ಡಿಸ್ಟಿಲ್ಡ್ ವಾಟರ್ ಎಂದುಕೊಂಡು ಇನ್ವರ್ಟರಿನ ಬ್ಯಾಟರಿಗೆ ಹೊಯ್ಯುವವರಿದ್ದಾರೆ. ಬೇಡ, ಕಾಯಿಲಿನ ಧೂಳು, ಲೋಹ ಎಲ್ಲ ಅದರಲ್ಲಿರುತ್ತದೆ. ಅಂಗಳದ ದಾಸವಾಳದ ಬುಡಕ್ಕೆ ಹಾಕಬಹುದು.