ಗೊಮ್ಮಟ ಜಾರಿದ ಕಾರು

ಇಂಗ್ಲೆಂಡಿನಲ್ಲಿ ಅರವತ್ತರ ದಶಕದ ಸ್ಪೋರ್ಟ್ಸ್ ಕಾರು ನೋಡಲು ಹೋಗುವವರ ಜೇಬಿನಲ್ಲಿ ದುಡ್ಡಿಲ್ಲದಿದ್ದರೂ ಒಂದು ಅಯಸ್ಕಾಂತ ಇರಲೇಬೇಕು. ನನ್ನ ಕಣ್ಣು ಬಿದ್ದದ್ದು ಎಂಜಿ ಕಂಪನಿಯ 1966ರ ಎಂಜಿಬಿ ಮೇಲೆ. ತೆರೆದ ಕಾರು. ಕೆಳಗೆ ಬೇರೆ ಚಾಸಿಸ್ ಚೌಕಟ್ಟೂ ಇಲ್ಲ, ಮೇಲೆ ಗಟ್ಟಿ ಮಾಡೂ ಇಲ್ಲ. ಬಾಗಿಲ ಕೆಳಗಿನ ಸಿಲ್‌ಗಳೇ ಕಾರಿನ ಬೆನ್ನೆಲುಬು. ತುಕ್ಕು ಹಿಡಿಯುವುದೂ ಅಲ್ಲೇ. ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರೆ ಅಯಸ್ಕಾಂತ ಕಚ್ಚುವುದಿಲ್ಲ.

ಮನೆಯಲ್ಲಿದ್ದದ್ದು ಫ್ರಿಜ್ಜಿನ ಮೇಲಿನ ಶ್ರವಣಬೆಳಗೊಳದ ಗೊಮ್ಮಟ. ಎಡಗಡೆ ಸಿಲ್ಲಿನ ಮೇಲೆ ಆತ ಅಲ್ಲಾಡದೆ ನಿಂತ. ಬಲಗಡೆ ಸುಯ್ಯನೆ ಜಾರಿ ಹುಲ್ಲಿಗೆ ಬಿದ್ದ. ಮಾರುವಾತ ಆಕಾಶ ನೋಡತೊಡಗಿದ. ಬೆಲೆ ಇಳಿಯಿತು, ಕಾರು ನಮ್ಮದಾಯಿತು.

“ಅಷ್ಟು ದುಡ್ಡು ಕೊಟ್ಟು ಮಾಡು ಇಲ್ದಿರೋ ಕಾರು ತಗೊಂಡ್ಯೇನೋ?” ಎಂದರು ಅಮ್ಮ, ವಿಡಿಯೋ ಕಾಲಿನಲ್ಲಿ.

ನಲವತ್ತು ವರ್ಷ ದಾಟಿದ ಇಂಥ ಕಾರುಗಳಿಗೆ ಇಲ್ಲಿ ರಸ್ತೆ ತೆರಿಗೆಯಿಲ್ಲ, ವರ್ಷವರ್ಷದ ತಪಾಸಣೆಯೂ ಕಡ್ಡಾಯವಲ್ಲ ಎಂದು ಹೆಂಡತಿಗೆ ಹೆಮ್ಮೆಯಿಂದ ಹೇಳಿದೆ. “ತೊಂಬತ್ತು ದಾಟಿದ ಅಜ್ಜಂಗೆ ಡಾಕ್ಟ್ರು ಏನು ಬೇಕಾದ್ರೂ ತಿನ್ಲಿ ಅಂತಾರಲ್ಲ, ಹಾಗಾ?” ಎಂದಳು.

ಬ್ಯಾಟರಿ ಹುಡುಕಲು ಬಾನೆಟ್ ಎತ್ತಿದರೆ ಅಲ್ಲಿಲ್ಲ. ಆರು ವೋಲ್ಟಿನ ಎರಡು ಬ್ಯಾಟರಿಗಳು ಸೀಟಿನ ಹಿಂದೆ ನೆಲದಡಿ ಅಡಗಿ ಕೂತಿವೆ. ಅದೂ ತಿರುವುಮುರುವು: ಈಗಿನ ಕಾರುಗಳ ಮೈಗೆ ಮೈನಸ್ ಕಟ್ಟಿದರೆ ಇದರ ಮೈಗೆ ಪ್ಲಸ್. ಮೊದಲನೇ ಗೇರಿಗೆ ಸಿಂಕ್ರೊ ಇಲ್ಲ, ಅಂದರೆ ಗೇರುಗಳ ವೇಗ ಹೊಂದಿಸಿ ಕೂಡಿಸುವ ಏರ್ಪಾಡಿಲ್ಲ. ಪೂರ್ತಿ ನಿಲ್ಲದೆ ಹಾಕಿದರೆ ಕರಕರ ಹಲ್ಲು ಕಡಿಯುತ್ತದೆ. ಪೆಟ್ರೋಲ್ ಪಂಪು ಹಿಂದಿನ ಚಕ್ರದ ಹತ್ತಿರ ಟಿಕ್ ಟಿಕ್ ಎನ್ನುತ್ತಿರಬೇಕು. ಟಿಕ್ ನಿಂತರೆ ಪಯಣವೂ ನಿಂತಂತೆ.

ನಿಂತದ್ದಾದರೂ ಎಲ್ಲಿ? ಆಬಿಂಗ್ಡನ್ನಿನಲ್ಲಿ, 1980ರಲ್ಲಿ ಬಾಗಿಲು ಹಾಕಿದ ಎಂಜಿ ಕಾರ್ಖಾನೆಯ ಊರಿನಲ್ಲಿ. ತವರು ಕಂಡ ಮೇಲೆ ಹೆಜ್ಜೆ ಎತ್ತಲೊಲ್ಲದು. ಪಂಪಿಗೆ ಮದ್ದು ಮೆಲ್ಲಗೊಂದು ಏಟು. ಒಳಗೆ ಅಂಟಿಕೊಂಡ ಪಾಯಿಂಟುಗಳು, ಅಂದರೆ ಕರೆಂಟು ಹರಿಸುವ ಲೋಹದ ತುದಿಗಳು, ಬಿಟ್ಟುಕೊಳ್ಳುತ್ತವೆ. ನಾನು ಎಡಗಾಲಿನ ಶೂ ಬಿಚ್ಚಿ ಕಾರಿನಡಿ ನುಸುಳಿದೆ. ಮೇಲಿನಿಂದ ಹೆಂಡತಿ, “ರೀ, ಮಳೆ!”

ಇದರ ಬಟ್ಟೆಯ ಮಾಡು ಗುಂಡಿ ಒತ್ತಿದರೆ ಬರುವಂಥದ್ದಲ್ಲ. ಡಿಕ್ಕಿಯಿಂದ ಕಂಬಿಗಳನ್ನು ತೆಗೆದು, ಜೋಡಿಸಿ, ಹೊದಿಸಿ, ಎಳೆದು ಕಟ್ಟಬೇಕು. ಶಾಮಿಯಾನದವರೇ ಬೇಕು. ಅಷ್ಟರಲ್ಲಿ ಒಬ್ಬ ಅಜ್ಜ ಛತ್ರಿ ಹಿಡಿದು ಬಂದರು. “ನಮ್ಮಪ್ಪನ ಹತ್ರ ಇಂಥದ್ದೇ ಇತ್ತು.” ಈ ಕಾರಿನ ಮಾಲೀಕರಿಗೆ ದಾರಿಯುದ್ದಕ್ಕೂ ಸಿಗುವ ಮಾತು ಇದೊಂದೇ. ಛತ್ರಿ ಮಾತ್ರ ತಮ್ಮ ತಲೆಯ ಮೇಲೇ ಇಟ್ಟುಕೊಂಡು, ಅಪ್ಪನ ಕಾರಿನ ಬಣ್ಣದಿಂದ ಹಿಡಿದು ಎಲ್ಲ ವರ್ಣಿಸಿದರು. ಕೊನೆಗೆ, “ಮಾರುತ್ತೀರಾ?”

ಕಾರಿನಡಿಯಿಂದ ನಾನು ತಲೆ ಹೊರಗೆ ಹಾಕುವಷ್ಟರಲ್ಲಿ ಹೆಂಡತಿ ರೇಟು ಹೇಳಿಯಾಗಿತ್ತು.